ಒಂದೇ ಪ್ರಸಂಗ, ಎರಡು ಅರ್ಥ: ತೆರಿಗೆ ಕಟ್ಟದವರನ್ನು ಹಳಿದ ಅಭ್ಯರ್ಥಿಯನ್ನು ಅವನ ಪಕ್ಷದವರೇ ಹಳಿಯಬೇಕೆ?

ವೇಷ ಕಟ್ಟದೆ ಕೂತು ಮಾತಿನಲ್ಲೇ ಪಾತ್ರದ ‘ಅರ್ಥ’ ಹೇಳುವ ತಾಳಮದ್ದಳೆಯಲ್ಲಿ ಒಂದು ಅನುಕೂಲ ಉಂಟು. ಇವತ್ತು ಭೀಷ್ಮನ ಅರ್ಥ ಹೇಳಿದವನು ನಾಳೆ ಪರಶುರಾಮನ ಅರ್ಥ ಹೇಳಬಹುದು. ನಿನ್ನೆ ಕಟ್ಟಿದ ವಾದವನ್ನು ಇವತ್ತು ತಾನೇ ಮುರಿಯಬಹುದು. ಅವನನ್ನು ಯಾರೂ ಪಕ್ಷಾಂತರಿ ಅನ್ನುವುದಿಲ್ಲ, ಮುಂದಿನ ಕೂಟಕ್ಕೂ ಕರೆಯುತ್ತಾರೆ. ಅದೇ ಸಲಿಗೆಯಲ್ಲಿ ಈ ಪರ-ವಿರೋಧದ ಎರಡೂ ಬದಿಯನ್ನು ನಾನೊಬ್ಬನೇ ಹೇಳುತ್ತೇನೆ. ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಎರಡನೇ ಮಾಳಿಗೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷದಿಂದ ಊರವರ ಆದಾಯ ತೆರಿಗೆ ರಿಟರ್ನ್ ತುಂಬುವವನು ನಾನು. ಮನೆ ಉಡುಪಿ ಕಡೆ. ಹಿಂದೆ ಒಂದು ಪಕ್ಷದ ಬೂತಿನಲ್ಲಿ ಕೂತದ್ದೂ ಉಂಟು. ಯಾವ ಪಕ್ಷ ಅಂತ ಕೇಳಬೇಡಿ, ಈಗ ಅವರೂ ನನ್ನನ್ನು ಕೇಳುವುದಿಲ್ಲ.

ಪ್ರಸಂಗ ನಮ್ಮೂರಿನದ್ದಲ್ಲ, ಅಮೆರಿಕದ್ದು. ಆದರೆ ಅದರ ಪದ್ಯಗಳು ಇಲ್ಲಿಯೂ ಪ್ರತಿ ಚುನಾವಣೆಯಲ್ಲಿ ಕೇಳಿಬರುತ್ತವೆ, ರಾಗ ಮಾತ್ರ ಬೇರೆ.

2012ರ ಮೇ 17. ಫ್ಲಾರಿಡಾದ ಬೋಕಾ ರೇಟನ್‌ನಲ್ಲಿ ಒಬ್ಬ ಹಣವಂತನ ಮನೆ. ತಟ್ಟೆಗೆ 50,000 ಡಾಲರ್ ಕೊಟ್ಟು ಊಟಕ್ಕೆ ಕೂತವರ ಎದುರು ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಿದ್ದ ಮಿಟ್ ರೋಮ್ನಿ. ಸರಕಾರವೇ ಸಾಕುತ್ತದೆ ಎಂದು ನಂಬಿಕೊಂಡವರಿಗೆ ನಿಮ್ಮನ್ನು ನೀವೇ ನೋಡಿಕೊಳ್ಳಿ ಎಂದು ಹೇಗೆ ಒಪ್ಪಿಸುತ್ತೀರಿ ಎಂದು ದೇಣಿಗೆದಾರನೊಬ್ಬ ಕೇಳಿದ. ರೋಮ್ನಿಯ ಉತ್ತರದ ಸಾರ ಇಷ್ಟು: ಶೇ. 47ರಷ್ಟು ಜನ ಏನೇ ಆದರೂ ಒಬಾಮಾಗೇ ಓಟು ಹಾಕುವವರು, ಸರಕಾರಕ್ಕೆ ಆತುಕೊಂಡವರು, ತಮಗೆ ಅನ್ಯಾಯವಾಗಿದೆ ಎಂದುಕೊಂಡವರು, ಅನ್ನ, ಮನೆ, ಮದ್ದು ಎಲ್ಲ ತಮ್ಮ ಹಕ್ಕು ಅನ್ನುವವರು, ಆದಾಯ ತೆರಿಗೆ ಕಟ್ಟದವರು. ಅವರ ಚಿಂತೆ ಮಾಡುವುದು ನನ್ನ ಕೆಲಸವಲ್ಲ. ಬಾರ್ ನೋಡಿಕೊಳ್ಳುತ್ತಿದ್ದ ನೌಕರ ತನ್ನ ಕ್ಯಾಮೆರಾವನ್ನು ಕಟ್ಟೆಯ ಮೇಲೆ ಇಟ್ಟಿದ್ದ. ಸೆಪ್ಟೆಂಬರ್ 17ಕ್ಕೆ ‘ಮದರ್ ಜೋನ್ಸ್’ ಪತ್ರಿಕೆ ಆ ವಿಡಿಯೊವನ್ನು ಲೋಕದ ಮುಂದಿಟ್ಟಿತು.

ಎದುರು ಪಕ್ಷ ಬೊಬ್ಬೆ ಹಾಕಿದ್ದು ಸಹಜ. ವಿಶೇಷ ಇರುವುದು ರೋಮ್ನಿಯ ಬದಿಯವರೇ ಎದ್ದು ನಿಂತದ್ದರಲ್ಲಿ. ಮ್ಯಾಸಚೂಸೆಟ್ಸ್‌ನ ಸೆನೆಟರ್ ಸ್ಕಾಟ್ ಬ್ರೌನ್, ನಾನು ಲೋಕವನ್ನು ನೋಡುವ ರೀತಿ ಇದಲ್ಲ ಎಂದರು. ಕನೆಕ್ಟಿಕಟ್‌ನಲ್ಲಿ ಸೆನೆಟಿಗೆ ನಿಂತಿದ್ದ ಲಿಂಡಾ ಮೆಕ್‌ಮಹೊನ್ ಒಪ್ಪುವುದಿಲ್ಲ ಎಂದರು. ನೆವಾಡಾದ ಸೆನೆಟರ್ ಡೀನ್ ಹೆಲ್ಲರ್, ನನ್ನ ಅಪ್ಪ ಮೆಕ್ಯಾನಿಕ್, ಅಮ್ಮ ಶಾಲೆಯ ಅಡುಗೆಯವರು, ನನಗೆ ಕಾಣುವ ಲೋಕ ಬೇರೆ ಎಂದರು. ನ್ಯೂ ಮೆಕ್ಸಿಕೊದ ಗವರ್ನರ್ ಸುಸಾನಾ ಮಾರ್ಟಿನೆಜ್, ನಮ್ಮಲ್ಲಿ ಬಡವರು ಬಹಳ, ಅವರೂ ಉಳಿದವರಷ್ಟೇ ಲೆಕ್ಕಕ್ಕೆ ಎಂದರು. ಪಕ್ಷಕ್ಕೆ ಹತ್ತಿರದ ಪತ್ರಕರ್ತ ಬಿಲ್ ಕ್ರಿಸ್ಟಲ್ ಆ ಮಾತನ್ನು ಮೂರ್ಖತನ, ದುರಹಂಕಾರ ಎಂದು ಬರೆದರು. ನವೆಂಬರ್ 6ಕ್ಕೆ ಒಬಾಮಾ ಶೇ. 51ರಷ್ಟು ಓಟು ಪಡೆದು ಗೆದ್ದರು. ಸೋತ ರೋಮ್ನಿಗೆ ಸಿಕ್ಕಿದ್ದು ಶೇ. 47.2. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಲೆಕ್ಕವೇ ಹಾಗೆ ಬಂದದ್ದು.

ಹೀಗೆ ತಮ್ಮವನ ಮೇಲೆ ತಾವೇ ಬಹಿರಂಗವಾಗಿ ಎದ್ದದ್ದು ಸರಿಯೇ?

ಪರ: ಹೇಳಲೇಬೇಕು, ಸಭೆಯಲ್ಲೇ ಹೇಳಬೇಕು

ಜುಲೈ ಬಂತೆಂದರೆ ನಮ್ಮ ಆಫೀಸಿನ ಬಾಗಿಲಲ್ಲಿ ಕೊಡೆ ಹಾಕಲಿಕ್ಕೆ ಒಂದು ಬಕೆಟ್ ಇಡುತ್ತೇವೆ. 31ರ ಗಡುವು ಹತ್ತಿರ ಬಂದ ಹಾಗೆ ಬಕೆಟ್ ಸಾಲದೆ ಕೊಡೆಗಳು ಮೆಟ್ಟಿಲಿಗೆ ಇಳಿಯುತ್ತವೆ. ಯಾವ ಕೊಡೆ ತೆರಿಗೆ ಕಟ್ಟುವವರದ್ದು, ಯಾವುದು ಸೊನ್ನೆ ರಿಟರ್ನಿನವರದ್ದು ಎಂದು ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಕೊಡೆ ತೆಗೆದುಕೊಳ್ಳುವಾಗ ತೆರಿಗೆಯನ್ನಂತೂ ಎಲ್ಲರೂ ಕೊಟ್ಟಿರುತ್ತಾರೆ.

ಒಂದು ವರ್ಷ ಮೀನು ಮಾರುವ ಹೆಂಗಸೊಬ್ಬರು ಬಂದರು. ಮನೆ ಸಾಲಕ್ಕೆ ಬ್ಯಾಂಕಿನವರು ಮೂರು ವರ್ಷದ ರಿಟರ್ನ್ ಕೇಳಿದ್ದರಂತೆ. ಎದುರು ಕೂತವರು ಮೊದಲು ಹೇಳಿದ್ದೇ, “ನಾನು ಟ್ಯಾಕ್ಸ್ ಕಟ್ಟುವವಳಲ್ಲ ಮಾರಾಯ್ರೆ.” ತಪ್ಪು ಮಾಡಿ ಸಿಕ್ಕಿಬಿದ್ದವರ ಸ್ವರ. ಅವರ ಕೈಯಲ್ಲಿದ್ದ ಫೋನಿನ ರೀಚಾರ್ಜಿಗೆ ಶೇ. 18 ಜಿಎಸ್‌ಟಿ. ಸಂಜೆ ಕೈಯ ಮೀನುವಾಸನೆ ತೊಳೆಯುವ ಸಾಬೂನಿಗೆ 2025ರ ಸೆಪ್ಟೆಂಬರ್ ತನಕ ಶೇ. 18, ಈಗ 5. ಬಂದರಿನಿಂದ ಮೀನು ತರುವ ರಿಕ್ಷಾದ ಇಂಧನದಲ್ಲಿ ಕೇಂದ್ರದ ಅಬಕಾರಿ ಸುಂಕವೂ ಉಂಟು, ರಾಜ್ಯದ ತೆರಿಗೆಯೂ ಉಂಟು. ತಲೆಯ ಮೇಲೆ ಹೊರುವ ಪ್ಲಾಸ್ಟಿಕ್ ಬುಟ್ಟಿಗೂ ತೆರಿಗೆ. ಆ ಬುಟ್ಟಿಯಲ್ಲಿ ತೆರಿಗೆ ಇಲ್ಲದ ಸಾಮಾನು ಎಂದರೆ ಅವರು ಮಾರುವ ಹಸಿ ಬಂಗುಡೆ ಒಂದೇ. ಆ ವಿನಾಯಿತಿ ಸೇರುವುದೂ ಅದನ್ನು ಕೊಂಡುಹೋಗಿ ಗಸಿ ಮಾಡುವ ನನಗೆ.

ರೋಮ್ನಿಯ ತಪ್ಪು ಮೊದಲು ಲೆಕ್ಕದ್ದು, ಆಮೇಲೆ ನಾಲಗೆಯದ್ದು. ಶೇ. 47 ಎಂಬ ಸಂಖ್ಯೆ ಪೂರಾ ಸುಳ್ಳಲ್ಲ. ಅಮೆರಿಕದ ತೆರಿಗೆ ನೀತಿ ಕೇಂದ್ರದವರ ಲೆಕ್ಕದಲ್ಲಿ 2011ರಲ್ಲಿ ಕೇಂದ್ರ ಸರಕಾರದ ಆದಾಯ ತೆರಿಗೆ ಕಟ್ಟದ ಕುಟುಂಬಗಳು ಶೇ. 46ರ ಆಸುಪಾಸು. ಆದರೆ ಆ 46ನ್ನು ಒಡೆದು ನೋಡಿ. ಅದರಲ್ಲಿ 28 ಭಾಗದವರ ಸಂಬಳದಿಂದ ಸಾಮಾಜಿಕ ಭದ್ರತೆಗೆ, ಮೆಡಿಕೇರ್ ಎಂಬ ಹಿರಿಯರ ಆರೋಗ್ಯ ವಿಮೆಗೆ ಎಂದು ತೆರಿಗೆ ಕಡಿತವಾಗುತ್ತಲೇ ಇತ್ತು. ಅಂದರೆ ಅವರು ದುಡಿಯುವವರು. 10 ಭಾಗ ಮುದುಕರು. ಸುಮಾರು 7 ಭಾಗ ವರ್ಷಕ್ಕೆ 20,000 ಡಾಲರಿಗಿಂತ ಕಮ್ಮಿ ಆದಾಯದ ಬಡವರು. ಉಳಿದದ್ದು ಒಂದು ಭಾಗ. ಇಷ್ಟು ಜನರನ್ನು ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟಿ ‘ಹೊಣೆಗೇಡಿಗಳು’ ಎಂದು ಚೀಟಿ ಅಂಟಿಸಿದರೆ ಲೆಕ್ಕ ಬರೆಯುವವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ಜನ ತೆರಿಗೆ ಕಟ್ಟದಿರಲು ಕಾರಣ ಯಾರು ಎಂಬುದು ಇನ್ನೂ ಸ್ವಾರಸ್ಯ. ದುಡಿಯುವ ಬಡವರಿಗೆ ತೆರಿಗೆಯಲ್ಲಿ ಮಾಫಿ ಕೊಡುವ ಕಾಯ್ದೆಗೆ 1975ರಲ್ಲಿ ಸಹಿ ಹಾಕಿದ್ದು ಜೆರಾಲ್ಡ್ ಫೋರ್ಡ್. 1986ರಲ್ಲಿ ಅದನ್ನು ಹಿಗ್ಗಿಸಿದ್ದು ರೊನಾಲ್ಡ್ ರೇಗನ್. ಮಕ್ಕಳ ಲೆಕ್ಕದ ಮಾಫಿಯನ್ನು ದುಪ್ಪಟ್ಟು ಮಾಡಿದ್ದು ಜಾರ್ಜ್ ಬುಷ್ ಮಗ. ಮೂವರೂ ರೋಮ್ನಿಯ ಪಕ್ಷದವರೇ. ತೆರಿಗೆ ಕಟ್ಟದವರ ಪಾಲು ದೊಡ್ಡದಿದ್ದ ಮಿಸಿಸಿಪ್ಪಿ, ಅಲಬಾಮ, ಅರ್ಕಾನ್ಸಾಸ್‌ಗಳು ಕೊನೆಗೆ ರೋಮ್ನಿಯನ್ನೇ ಗೆಲ್ಲಿಸಿದವು. ತನ್ನ ಮನೆಯ ದೀಪಕ್ಕೇ ಊದಿದ ಹಾಗಾಯಿತು.

ನಮ್ಮಲ್ಲಿ ನೋಡಿ. 2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿ ತನಕದ ಆದಾಯಕ್ಕೆ ತೆರಿಗೆ ಇಲ್ಲ ಎಂದಾಯಿತು. ಆ ದಿನದ ಮಟ್ಟಿಗೆ ನನ್ನ ಅರ್ಧಕ್ಕರ್ಧ ಗಿರಾಕಿಗಳು ತೆರಿಗೆದಾರರ ಪಟ್ಟಿಯಿಂದ ಆಚೆ ಬಂದರು. ಬೆಳಿಗ್ಗೆ ದೇಶ ಕಟ್ಟುತ್ತಿದ್ದವರು ಮಧ್ಯಾಹ್ನ ದೇಶಕ್ಕೆ ಭಾರ ಆದರಾ? ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅಡಿಕೆಗೆ ರೇಟು ಬಂದ ವರ್ಷ ನಮ್ಮ ಪುತ್ತೂರು-ಸುಳ್ಯ ಕಡೆಯ ದೊಡ್ಡ ತೋಟದವರು ಕಾರು ಬದಲಿಸುತ್ತಾರೆ, ರಿಟರ್ನಿನಲ್ಲಿ ಅದು ಕೃಷಿ ಆದಾಯದ ಕಾಲಮಿನಲ್ಲಿ ತಣ್ಣಗೆ ಕೂತಿರುತ್ತದೆ. ಕೊಲ್ಲಿಯಿಂದ ಬರುವ ಸಂಬಳಕ್ಕೂ ಇಲ್ಲಿ ತೆರಿಗೆ ಇಲ್ಲ. ಅವರನ್ನು ಯಾರೂ ‘ಬಿಟ್ಟಿ’ ಅನ್ನುವುದಿಲ್ಲ, ಅನ್ನಬಾರದು ಕೂಡ. ಆ ಪದವನ್ನು ನಾವು ಕೂಡಿಟ್ಟುಕೊಂಡಿರುವುದು ಶಕ್ತಿ ಬಸ್ಸಿನಲ್ಲಿ ಕೂತ ಹೆಂಗಸರಿಗೆ, ಗೃಹಲಕ್ಷ್ಮಿಯ 2,000 ರೂಪಾಯಿಗೆ. (ಆ ಯೋಜನೆಯಲ್ಲಿ ಗಂಡ ಹೆಂಡಿರಲ್ಲಿ ಯಾರಾದರೊಬ್ಬರು ಆದಾಯ ತೆರಿಗೆ ಕಟ್ಟುವವರಾದರೆ ಹಣ ಇಲ್ಲ. ಹಾಗಾಗಿ ಸಾಲಕ್ಕೆಂದು ಸೊನ್ನೆ ರಿಟರ್ನ್ ಹಾಕಿಸಲು ಬಂದವರೂ ಈಗ ಮೊದಲು ಕೇಳುವುದು, “ಇದರಿಂದ ಎರಡು ಸಾವಿರ ನಿಲ್ಲುತ್ತದಾ?”)

ಯಾವ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಜಗಳ ನಮ್ಮ ಜಿಲ್ಲೆಗೆ ಹೊಸತಲ್ಲ. ಧಾನ್ಯದಲ್ಲಿ ಕಂದಾಯ ಕೊಟ್ಟು ರೂಢಿಯಿದ್ದ ರೈತರಿಂದ ಕಂಪನಿ ಸರಕಾರ ನಗದನ್ನೇ ಕೇಳಿತು. ಆ ಸಿಟ್ಟೂ ಸೇರಿಕೊಂಡು 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ದಂಡು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿತು. ಸಣ್ಣವರ ಹಣವನ್ನು ಲೆಕ್ಕಕ್ಕೆ ಹಿಡಿದದ್ದೂ ಇದೇ ಜಿಲ್ಲೆ. ಆಗ ಇದೇ ಜಿಲ್ಲೆಗೆ ಸೇರಿದ್ದ ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿ ದಿನಕ್ಕೆ ಎರಡಾಣೆಯ ಹಾಗೆ ಮನೆಬಾಗಿಲಿಗೆ ಹೋಗಿ ಎತ್ತಿತು. ಎರಡಾಣೆ ಕೊಟ್ಟವನನ್ನು ಹೊಣೆಗೇಡಿ ಅಂದಿದ್ದರೆ ಆ ಬ್ಯಾಂಕು ಉಡುಪಿಯ ಕಲ್ಸಂಕ ದಾಟುತ್ತಿರಲಿಲ್ಲ.

ಸರಿ, ತಪ್ಪು ಮಾತು ತಪ್ಪೇ. ಅದನ್ನು ಎದುರು ಪಕ್ಷದವರು ಹೇಳಿದರೆ ಸಾಲದೇ, ಪಕ್ಷದವರೇ ಯಾಕೆ ಹೇಳಬೇಕು?

ಯಾಕೆಂದರೆ ಎದುರು ಪಕ್ಷದ ಬೈಗುಳಕ್ಕೆ ಚುನಾವಣೆಯಲ್ಲಿ ಬೆಲೆ ಇಲ್ಲ. ಅದು ಅವರ ದಿನದ ಕೂಲಿ. ಒಬಾಮಾ ಕಡೆಯವರು ಎಷ್ಟು ಬೈದರೂ ರೋಮ್ನಿ ಅಲುಗಬೇಕಾಗಿರಲಿಲ್ಲ. ವಿಡಿಯೊ ಹೊರಬಂದ ರಾತ್ರಿ ಅವರು ಹೇಳಿದ್ದು ‘ಅಷ್ಟು ನಯವಾಗಿ ಹೇಳಲಿಲ್ಲ’ ಎಂದು ಮಾತ್ರ. ಮಾತು ಸರಿ, ಇಸ್ತ್ರಿ ಕಮ್ಮಿ ಎಂಬ ಧಾಟಿ. ಅಕ್ಟೋಬರ್ 4ಕ್ಕೆ ಅದೇ ಬಾಯಿ ‘ಸಂಪೂರ್ಣ ತಪ್ಪು’ ಎಂದಿತು. ನಡುವಿನ ಎರಡೂವರೆ ವಾರದಲ್ಲಿ ಏನಾಯಿತು? ರೇಗನ್ನರಿಗೆ ಭಾಷಣ ಬರೆಯುತ್ತಿದ್ದ ಪೆಗ್ಗಿ ನೂನನ್‌ರಂಥವರೇ ಈ ಪ್ರಚಾರಕ್ಕೆ ಯಾರಾದರೂ ಮಧ್ಯೆ ಬಂದು ಬುದ್ಧಿ ಹೇಳಬೇಕು ಎಂದು ಬರೆದರು. ಸೆನೆಟರುಗಳು ಒಬ್ಬೊಬ್ಬರಾಗಿ ಕೈ ತೊಳೆದುಕೊಂಡರು. ಅಭ್ಯರ್ಥಿಗೆ ಬಿಸಿ ತಾಗುವುದು ತನ್ನ ಒಲೆಯದ್ದೇ.

ಕೌರವರ ಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಭೀಷ್ಮ ತಡವರಿಸಿದ, ದ್ರೋಣ ಸುಮ್ಮನೆ ಕೂತ. ಎದ್ದು ಇದು ಅಧರ್ಮ ಎಂದವನು ದುರ್ಯೋಧನನ ತಮ್ಮ ವಿಕರ್ಣ. ಕರ್ಣ ಅವನನ್ನು ಎಳಸು ಎಂದು ಗದರಿಸಿ ಕೂರಿಸಿದ. ವಿಕರ್ಣ ಪಾಂಡವರ ಬಿಡಾರಕ್ಕೆ ಓಡಿಹೋಗಲಿಲ್ಲ. ಅಣ್ಣನ ಪಕ್ಷದಲ್ಲೇ ಯುದ್ಧ ಮಾಡಿ ಸತ್ತ, ಕೊಂದ ಭೀಮನೇ ಮರುಗಿದ. ತಾಳಮದ್ದಳೆಯಲ್ಲಿ ವಿಕರ್ಣನ ಅರ್ಥ ಹತ್ತು ನಿಮಿಷಕ್ಕೆ ಮುಗಿಯುತ್ತದೆ, ಹೆಚ್ಚಾಗಿ ಹೊಸಬರಿಗೆ ಕೊಟ್ಟುಬಿಡುತ್ತಾರೆ. ನನಗೆ ಕೊಟ್ಟರೆ ನಾನು ಭೀಷ್ಮನ ಪಾಲನ್ನು ಬಿಟ್ಟು ಅದನ್ನು ತೆಗೆದುಕೊಂಡೇನು.

ಹತ್ತಿರದ ಉದಾಹರಣೆಯೂ ಉಂಟು. 2024ರ ಫೆಬ್ರವರಿ 1ಕ್ಕೆ ಕೇಂದ್ರದ ಮಧ್ಯಂತರ ಬಜೆಟ್ ಬಂದ ದಿನ, ನಮ್ಮ ತೆರಿಗೆ ಹಣದಲ್ಲಿ ನಮಗೆ ಅನ್ಯಾಯ ಹೀಗೇ ನಡೆದರೆ ಪ್ರತ್ಯೇಕ ರಾಷ್ಟ್ರದ ಕೂಗು ಏಳಬಹುದು ಎಂಬ ಅರ್ಥದಲ್ಲಿ ಆಗ ಕಾಂಗ್ರೆಸ್ ಸಂಸದರಾಗಿದ್ದ ಡಿ.ಕೆ. ಸುರೇಶ್ ಮಾತಾಡಿದರು. ಮರುದಿನ ರಾಜ್ಯಸಭೆಯಲ್ಲಿ ಅವರ ಪಕ್ಷದ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರೇ, ದೇಶ ಒಡೆಯುವ ಮಾತನ್ನು ಯಾವ ಪಕ್ಷದವರು ಆಡಿದರೂ ಸಹಿಸುವುದಿಲ್ಲ ಎಂದರು. ಫೆಬ್ರವರಿ 7ಕ್ಕೆ ದಿಲ್ಲಿಯ ಜಂತರ್ ಮಂತರಿನಲ್ಲಿ ರಾಜ್ಯ ಸರಕಾರ ‘ನನ್ನ ತೆರಿಗೆ ನನ್ನ ಹಕ್ಕು’ ಎಂದು ಕೂತಾಗ ಹೇಳಲಿಕ್ಕೆ ಗಟ್ಟಿ ವಿಷಯ ಇತ್ತು: ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದ ಶೇ. 4.713ರಿಂದ 15ನೇ ಆಯೋಗದಲ್ಲಿ 3.647ಕ್ಕೆ ಇಳಿದದ್ದು. ಖರ್ಗೆ ಆ ಒಂದು ಪದವನ್ನು ಕತ್ತರಿಸಿ ಎಸೆಯದೆ ಇದ್ದಿದ್ದರೆ ಈ ದಶಮಾಂಶವನ್ನು ಯಾರು ಕೇಳುತ್ತಿದ್ದರು? ಮೀನಿನ ಮುಳ್ಳನ್ನು ಮನೆಯವರೇ ಬಿಡಿಸಿ ಕೊಡಬೇಕು, ನೆಂಟರು ಬಿಡಿಸಿ ಕೊಡುವುದಿಲ್ಲ.

ವಿರೋಧ: ಮನೆಯೊಳಗೆ ಹೇಳಿ, ಇಲ್ಲವಾದರೆ ಬಾಯಿ ಮುಚ್ಚಿ ಕೂತುಕೊಳ್ಳಿ

ವಿಕರ್ಣನ ಕಥೆ ಚಂದ. ಆದರೆ ಅವನು ಮಾತಾಡಿದ್ದು ಸಭೆಯೊಳಗೆ, ಅಣ್ಣನ ಮುಖ ನೋಡಿ. ಹಸ್ತಿನಾವತಿಯ ಪೇಟೆಗೆ ಹೋಗಿ ಡಂಗುರ ಸಾರಲಿಲ್ಲ. ಅವನಿಗೆ ಅದರಿಂದ ಸಿಕ್ಕಿದ್ದೂ ಏನಿಲ್ಲ. 2012ರ ಸೆಪ್ಟೆಂಬರಿನಲ್ಲಿ ಎದ್ದು ನಿಂತವರ ಪಟ್ಟಿಯನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಇನ್ನೊಮ್ಮೆ ಓದಿ: ಯಾರಿಗೆ ಏನು ಬೇಕಿತ್ತು?

ಸ್ಕಾಟ್ ಬ್ರೌನ್, ಮ್ಯಾಸಚೂಸೆಟ್ಸ್: ಒಬಾಮಾಗೆ ಗಟ್ಟಿ ಬೆಂಬಲವಿದ್ದ ರಾಜ್ಯ, ಎಲಿಜಬೆತ್ ವಾರೆನ್ ಎದುರು ಉಸಿರುಗಟ್ಟುವ ಸ್ಪರ್ಧೆ. ಲಿಂಡಾ ಮೆಕ್‌ಮಹೊನ್, ಕನೆಕ್ಟಿಕಟ್: ಅದೇ ಕಥೆ. ಡೀನ್ ಹೆಲ್ಲರ್, ನೆವಾಡಾ: ಎರಡು ದೋಣಿಯ ನಡುವೆ ಕಾಲಿಟ್ಟ ರಾಜ್ಯ. ಇವರ ಹೇಳಿಕೆಗಳು ಹೆಚ್ಚುಕಮ್ಮಿ ‘ನಾನು’ ಎಂದೇ ಶುರುವಾಗುತ್ತವೆ. ನಾನು ಲೋಕವನ್ನು ಹಾಗೆ ನೋಡುವವನಲ್ಲ, ನನ್ನ ಅಪ್ಪ ಹೀಗೆ, ನನ್ನ ಅಮ್ಮ ಹಾಗೆ. ಅಲ್ಲಿ ಬಡವನ ಪರ ವಕಾಲತ್ತು ಎಷ್ಟಿತ್ತೋ ತಮ್ಮ ಠೇವಣಿಯ ಪರ ವಕಾಲತ್ತು ಅದಕ್ಕಿಂತ ಹೆಚ್ಚು. ಮಾರ್ಟಿನೆಜ್‌ಗೆ ಆ ವರ್ಷ ಚುನಾವಣೆ ಇರಲಿಲ್ಲ, ಅವರನ್ನು ಬಿಟ್ಟುಬಿಡೋಣ. ಬ್ರೌನ್ ಸೋತರು, ಮೆಕ್‌ಮಹೊನ್ ಸೋತರು. ಹೆಲ್ಲರ್ ಕೂದಲೆಳೆಯಲ್ಲಿ ಗೆದ್ದರು, ಅದೂ ರೋಮ್ನಿ ಸೋತ ನೆವಾಡಾದಲ್ಲೇ. ಇದು ನನ್ನ ವಾದಕ್ಕೆ ತೊಡಕಲ್ಲವೇ ಅನ್ನುವಿರಿ. ಅಲ್ಲ, ಖಂಡನೆ ಎಂಬುದು ಮಾರಾಟದ ಸರಕು, ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ ಎಂದೇ ನಾನು ಹೇಳುತ್ತಿರುವುದು.

ಲಂಕೆಯ ಸಭೆಗೆ ಬನ್ನಿ. ವಿಭೀಷಣ ಅಣ್ಣನ ತಪ್ಪು ಹೇಳಿದ, ಹೊರಗೆ ಬಂದ, ಸಮುದ್ರದ ಈಚೆ ದಡದಲ್ಲೇ ಅವನಿಗೆ ಪಟ್ಟದ ಮಾತಾಯಿತು. ಕುಂಭಕರ್ಣನೂ ರಾವಣನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ: ನೀನು ಮಾಡಿದ್ದು ತಪ್ಪು, ಮೊದಲೇ ನಮ್ಮನ್ನು ಕೇಳಬೇಕಿತ್ತು. ಹೇಳಿ, ಎದ್ದು, ಯುದ್ಧಕ್ಕೆ ಹೋದ. ಒಬ್ಬನಿಗೆ ಸಿಂಹಾಸನ, ಒಬ್ಬನಿಗೆ ಬಾಣ. ಒಳ್ಳೆಯ ಅರ್ಥಧಾರಿ ವಿಭೀಷಣನನ್ನು ಹೇಳುವಾಗ ಬೆವರುತ್ತಾನೆ, ಯಾಕೆಂದರೆ ಎದುರಿನ ರಾವಣ ‘ಧರ್ಮಕ್ಕಾಗಿ ಹೋದೆಯೋ, ಲಂಕೆಗಾಗಿ ಹೋದೆಯೋ?’ ಎಂದು ಕೇಳಿಯೇ ಕೇಳುತ್ತಾನೆ. ನಾನು ನೋಡಿದ ಕೂಟಗಳಲ್ಲಿ ಆ ಪ್ರಶ್ನೆಗೆ ವಿಭೀಷಣ ನೆಟ್ಟಗೆ ಉತ್ತರ ಕೊಟ್ಟದ್ದು ಕಮ್ಮಿ. ಭಕ್ತಿಯ ಕಡೆಗೆ ಮಾತು ತಿರುಗಿಸಿ ಭಾಗವತರ ಮುಖ ನೋಡುತ್ತಾನೆ.

ಇನ್ನೂ ದೊಡ್ಡ ತಕರಾರು ಇದೆ. ಆ ಸಂಖ್ಯೆ ರೋಮ್ನಿಯ ಸ್ವಂತದ್ದೇ ಅಲ್ಲ. ಆ ಊಟಕ್ಕೆ ಒಂಬತ್ತು ತಿಂಗಳು ಮೊದಲೇ, 2011ರ ಆಗಸ್ಟಿನಲ್ಲಿ, ಟೆಕ್ಸಾಸಿನ ಗವರ್ನರ್ ರಿಕ್ ಪೆರ್ರಿ ತಾನೂ ಸ್ಪರ್ಧೆಗೆ ಎಂದು ಘೋಷಿಸಿದ ಭಾಷಣದಲ್ಲೇ, ಹತ್ತಿರ ಹತ್ತಿರ ಅರ್ಧದಷ್ಟು ಅಮೆರಿಕನ್ನರು ಆದಾಯ ತೆರಿಗೆ ಕಟ್ಟದಿರುವುದು ಅನ್ಯಾಯ ಎಂದು ಮೈಕಿನಲ್ಲಿ ಹೇಳಿದ್ದರು. ವಾಲ್ ಸ್ಟ್ರೀಟಿನ ಹತ್ತಿರ ಕೂತವರು ‘ನಾವು ಶೇ. 99’ ಎಂದು ಕೂಗಿದಾಗ ಅವರಿಗೆ ಎದುರಾಗಿ ‘ನಾವು ಶೇ. 53’ ಎಂಬ ಘೋಷಣೆ ಹುಟ್ಟಿತು. 100ರಿಂದ 53 ಕಳೆದರೆ ಉಳಿಯುವುದೆಷ್ಟು ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ರೋಮ್ನಿಯ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಪಾಲ್ ರಯಾನ್ ‘ಮಾಡುವವರು, ಪಡೆಯುವವರು’ ಎಂದು ದೇಶವನ್ನು ಎರಡು ಮಾಡಿ ಮಾತಾಡುತ್ತಿದ್ದವರು. ಅದು ತಪ್ಪಾಯಿತು ಎಂದು ಅವರು ಬಾಯಿಬಿಟ್ಟು ಹೇಳಿದ್ದು ಆ ಚುನಾವಣೆ ಮುಗಿದು ವರ್ಷಗಳಾದ ಮೇಲೆ. ವರ್ಷವಿಡೀ ಭಜನೆ ಮಾಡಿದ ಮೇಳ, ಒಬ್ಬನ ದನಿ ಮಾತ್ರ ಹೊರಗೆ ಕೇಳಿಸಿತು ಎಂದು ಅವನೊಬ್ಬನನ್ನೇ ಅಪಸ್ವರ ಎಂದು ತೋರಿಸಿದರೆ ಅದು ಪ್ರಾಮಾಣಿಕತೆಯೇ? ಬಹಿರಂಗ ಖಂಡನೆ ಮಾಡುವ ಕೆಲಸ ಇದು: ನಂಬಿಕೆಯನ್ನು ಹಾಗೇ ಇಟ್ಟು, ಮಾತನ್ನು ಮಾತ್ರ ಬಲಿ ಕೊಡುವುದು. ಆಮೇಲೆ ಎಲ್ಲರಿಗೂ ಕೈ ತೊಳೆದು ಊಟಕ್ಕೆ ಕೂರಬಹುದು, ತಟ್ಟೆಗೆ 50,000 ಡಾಲರಿನದ್ದೇ.

ಖರ್ಗೆಯವರ ವಿಷಯ. ಪರ ಹೇಳಿದವರು ಪದ ಕತ್ತರಿಸಿ ಎಸೆದರು ಎಂದರು. ಎಸೆದದ್ದು ಎಲ್ಲಿ ಬಿತ್ತು ಎಂದು ನೋಡಬೇಡವೇ? ಅಧ್ಯಕ್ಷರೇ ಎದ್ದು ಖಂಡಿಸಿದ ಮೇಲೆ ಆ ವಾರ ಟಿವಿಯಲ್ಲಿ ಓಡಿದ್ದು ‘ದೇಶ ಒಡೆಯುವ ಮಾತು’, 4.713ರಿಂದ 3.647 ಅಲ್ಲ. ಹೇಳಿದವರ ಪಕ್ಷವೇ ತಪ್ಪು ಎಂದು ಒಪ್ಪಿಕೊಂಡಿದೆ ಎಂದು ಎದುರಿನವರಿಗೆ ಒಂದು ಸಾಲು ಪುಕ್ಕಟೆ ಸಿಕ್ಕಿತು. ಸುರೇಶ್ ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಡಾ. ಸಿ.ಎನ್. ಮಂಜುನಾಥ್ ಎದುರು ಎರಡೂವರೆ ಲಕ್ಷಕ್ಕೂ ಹೆಚ್ಚು ಓಟಿನಿಂದ ಸೋತರು. ಅದಕ್ಕೆ ಬೇರೆ ಹತ್ತು ಕಾರಣ ಇವೆ ಎಂದು ನನಗೂ ಗೊತ್ತು. ಆದರೆ ತೆರಿಗೆ ಹಂಚಿಕೆಯ ಮಾತು ಆ ಭಾಗದ ಮತದಾರನಿಗೆ ನೆಟ್ಟಗೆ ತಲುಪಿತು ಎಂದು ಯಾರೂ ಎದೆ ತಟ್ಟಿ ಹೇಳಲಾರರು.

ಅದೇ ವರ್ಷದ ಏಪ್ರಿಲ್ 24ಕ್ಕೆ ಸ್ಯಾಮ್ ಪಿತ್ರೋಡಾ ಅಮೆರಿಕದ ಆಸ್ತಿ ಉತ್ತರಾಧಿಕಾರ ತೆರಿಗೆಯ ಪ್ರಸ್ತಾಪ ಎತ್ತಿದರು. ಅವರು ಅಭ್ಯರ್ಥಿ ಅಲ್ಲ, ಆದರೂ ಅದೇ ಕಾಂಗ್ರೆಸ್ ಪಕ್ಷದ ದೊಡ್ಡ ಹೆಸರು. ನಮ್ಮ ದಕ್ಷಿಣ ಕನ್ನಡಕ್ಕೂ ಉಡುಪಿ-ಚಿಕ್ಕಮಗಳೂರಿಗೂ ಮತದಾನ ಇದ್ದದ್ದು 26ಕ್ಕೆ. ಮಾತು ಬಂದ 24ರಂದೇ ಪಕ್ಷದ ಜೈರಾಮ್ ರಮೇಶ್, ಇದು ಅವರ ಅಭಿಪ್ರಾಯ, ಪಕ್ಷದ್ದಲ್ಲ ಎಂದರು. ಇದಕ್ಕಿಂತ ಚುರುಕಾಗಿ ಯಾರೂ ಕೈ ತೊಳೆಯಲಾರರು. ಪ್ರಧಾನಿಯವರು ಅದೇ ದಿನ ರ್‍ಯಾಲಿಯಲ್ಲಿ ಅದನ್ನು ಎತ್ತಿಕೊಂಡರು. ಸ್ಟೇಟ್ ಬ್ಯಾಂಕಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು, ಅಪ್ಪನ ಮನೆಯ ಅರ್ಧ ಸರಕಾರಕ್ಕಂತೆ ಎಂದು ಮಾತಾಡಿಕೊಂಡದ್ದನ್ನು ಮತದಾನದ ಹಿಂದಿನ ಸಂಜೆ ನಾನೇ ಕೇಳಿದ್ದೇನೆ. ಜೈರಾಮ್ ರಮೇಶರ ಸ್ಪಷ್ಟನೆ ಆ ಬಸ್ಸಿಗೆ ಬಂದಿರಲಿಲ್ಲ. ತಮ್ಮವರೇ ಹಳಿದರೆ ಮಾತಿನ ವಿಷ ಇಳಿಯುತ್ತದೆ ಎಂಬುದು ನಾಯಕರ ನಂಬಿಕೆ. ಇಳಿಯುವುದಿಲ್ಲ, ಹರಡುತ್ತದೆ.

ಹಾಗಾದರೆ ತಪ್ಪು ಮಾತಾಡಿದವನನ್ನು ತಲೆ ಮೇಲೆ ಹೊತ್ತು ತಿರುಗಬೇಕೆ? ಬೇಡ. ಟಿಕೆಟ್ ಕೊಡುವಾಗ ಕೇಳಿ. ಬಾಗಿಲು ಹಾಕಿ ಬೈಯಿರಿ. ಅಷ್ಟೂ ಆಗದಿದ್ದರೆ ಅವನ ಜೊತೆ ವೇದಿಕೆ ಹತ್ತಬೇಡಿ. ಮತದಾರ ತನ್ನ ಲೆಕ್ಕ ತಾನು ಮಾಡಿಕೊಳ್ಳುತ್ತಾನೆ, ಅವನಿಗೆ ನಿಮ್ಮ ಪತ್ರಿಕಾ ಹೇಳಿಕೆ ಬೇಡ. ಈ ಮಾತನ್ನು ನಾನು ಕೂಟದ ಮೇಜಿನ ಮೇಲಿಂದ ಹೇಳುತ್ತಿಲ್ಲ.

ಹಿಂದೊಮ್ಮೆ ಉಡುಪಿ ಕಡೆ ಒಂದು ಸ್ಥಳೀಯ ಚುನಾವಣೆ. ನಮ್ಮ ಅಭ್ಯರ್ಥಿ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಸಂಜೆ ಸಭೆ ಮಾಡಿದರು. ಗೋಳಿಬಜೆ, ಚಾ, ಮೇಲೆ ಶಾಮಿಯಾನ. ಮಾತಿನ ಭರದಲ್ಲಿ, “ಮನೆ ತೆರಿಗೆ ಕಟ್ಟುವವರು ನೀವು, ಅದನ್ನು ತಿನ್ನುವವರು ರೈಲ್ವೆ ಹಳಿಯ ಆಚೆ ಇದ್ದಾರೆ” ಎಂದುಬಿಟ್ಟರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆನೋ ಇಲ್ಲವೋ ನೆನಪಿಲ್ಲ. ಕೈಯಲ್ಲಿ ಗೋಳಿಬಜೆ ಇತ್ತು, ಆದ್ದರಿಂದ ತಟ್ಟಲಿಲ್ಲ ಎಂದು ಇಟ್ಟುಕೊಳ್ಳೋಣ. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು, ರಾತ್ರಿಯೊಳಗೆ ಹಳಿಯ ಆಚೆಗೆ ತಲುಪಿತು. ಬೆಳಿಗ್ಗೆ ನಾವು ಮೂವರು ಸೇರಿ ಹೇಳಿಕೆ ಕೊಟ್ಟೆವು: ಅಭ್ಯರ್ಥಿಯ ಮಾತು ಖಂಡನೀಯ, ಕಾರ್ಯಕರ್ತರಾಗಿ ನಾವು ಇದನ್ನು ಒಪ್ಪುವುದಿಲ್ಲ. ನನ್ನ ಹೆಸರೂ ಇತ್ತು. ಮನಸ್ಸು ಹಗುರ ಆಯಿತು ಎಂದು ನಾನೇ ಹೆಂಡತಿಗೆ ಹೇಳಿದ್ದೆ.

ಆ ಪೇಪರ್ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹಳಿಯ ಆಚೆ ಹೋದೆ. ನನ್ನ ಬೂತು ಅದೇ. ಮೊದಲ ಮನೆಯ ಜಗಲಿಯಲ್ಲಿ ಒಬ್ಬರು ಅಜ್ಜಿ ಮೊಣಕಾಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ನಿಂತುಕೊಂಡೇ ಶುರು ಮಾಡಿದೆ: ನಮ್ಮವರು ಹಾಗೆ ಹೇಳಬಾರದಿತ್ತು, ನಾವು ಖಂಡಿಸಿದ್ದೇವೆ, ಇಲ್ಲಿ ನೋಡಿ. ಅವರು ಪೇಪರ್ ಮುಟ್ಟಲಿಲ್ಲ, ಕೈಯಲ್ಲಿ ಹೊಗೆಸೊಪ್ಪಿನ ಹುಡಿ ಇತ್ತು. ಎಲೆ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಎಳೆದು ಕಡಿದರು. ಆಮೇಲೆ ಅಂದರು, “ಎಂಕ್ಲೆಗ್ ದುಂಬೇ ಗೊತ್ತುಂಡು.” ನಮಗೆ ಮೊದಲೇ ಗೊತ್ತುಂಟು ಅಂತ. ಅವರು ಹೀಗೆ ಹೇಳುವವರು ಎಂದು ನಿಮಗೆ ಗೊತ್ತಿರಲಿಲ್ಲವಾ ಎಂದು ನನ್ನನ್ನೇ ಕೇಳಿದರು. ನಾನು ಟೆರೇಸಿನ ಚಪ್ಪಾಳೆಯನ್ನು ನೆನೆದುಕೊಂಡು ಸುಮ್ಮನೆ ನಿಂತೆ.

ಅವರು ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಲಕೋಟೆ ತಂದರು. ಬೀಡಿ ಪಾಸ್‌ಪುಸ್ತಕ, ರೇಷನ್ ಕಾರ್ಡು, ಕರೆಂಟು ಬಿಲ್ಲು. ಅವುಗಳ ನಡುವಿನಿಂದ ಒಂದು ರಶೀದಿ ತೆಗೆದು ನನ್ನ ಮುಂದೆ ಹಿಡಿದರು. ಆ ವರ್ಷದ ಮನೆ ತೆರಿಗೆಯದ್ದು. ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಉಂಟಲ್ಲ, ಅದಕ್ಕೆ ಏಪ್ರಿಲಿನಲ್ಲೇ ಕಟ್ಟಿದ್ದರು. ಅದನ್ನು ಹಿಡಿದು ನಾನು ತಾರೀಕು ನೋಡಿದೆ, ಮೊತ್ತ ನೋಡಿದೆ, ಹಿಂದೆ ಮುಂದೆ ತಿರುಗಿಸಿ ಕೊಟ್ಟೆ. ನನ್ನ ಮನೆಯದ್ದು ಆ ವರ್ಷ ಇನ್ನೂ ಕಟ್ಟಿರಲಿಲ್ಲ.